ಕಡಲಾಚೆಯ ಪಾಠಶಾಲೆ: ಆರಿಸುವವರು ಯಾರು?

‘ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು’ ಎನ್ನುವುದು ನಮ್ಮ ಹಿರಿಯರ ಮಾತು. ಈ ಎರಡೂ ಕೆಲಸಗಳನ್ನು ಒಟ್ಟಿಗೇ ಮಾಡಹೊರಟವನು ಪರದೇಶದಲ್ಲಿ ಓದುವ ವಿದ್ಯಾರ್ಥಿ. ಅವನು ಯಾವ ದೇಶಕ್ಕೆ ಹೋಗಬೇಕೆಂಬುದನ್ನು ತೀರ್ಮಾನಿಸುವವರು ಯಾರು? ಮೇಲುನೋಟಕ್ಕೆ ಉತ್ತರ ಸುಲಭ. ಮಗನೋ ಮಗಳೋ ವಿಶ್ವವಿದ್ಯಾಲಯಗಳ ಪಟ್ಟಿ ಹಿಡಿದು ಕೂರುತ್ತಾರೆ, ತಂದೆತಾಯಿ ಖರ್ಚಿನ ಲೆಕ್ಕ ಹಾಕುತ್ತಾರೆ, ಕೊನೆಗೆ ಮನೆಮಂದಿಯೆಲ್ಲ ಸೇರಿ ಒಂದು ದೇಶವನ್ನು ಗೊತ್ತು ಮಾಡುತ್ತಾರೆ.

ಆದರೆ ಕಳೆದ ನೂರೈವತ್ತು ವರ್ಷಗಳ ಇತಿಹಾಸ ಬೇರೆಯೇ ಕಥೆ ಹೇಳುತ್ತದೆ. ವಿದ್ಯಾರ್ಥಿ ದೇಶವನ್ನು ಆರಿಸುವ ಮೊದಲೇ ಆ ಆಯ್ಕೆಯ ಬಹುಪಾಲು ಮುಗಿದಿರುತ್ತದೆ. ಅಲ್ಲಿಂದ ತಂದ ಪದವಿಗೆ ಊರಿನಲ್ಲಿ ಬೆಲೆ ಇದೆಯೇ? ಹಣ ಕೊಡುವವರು ಯಾರು? ಹೋದ ಕಡೆ ಪರಿಚಯದವರು ಇದ್ದಾರೆಯೇ? ಆ ದೇಶದ ಬಾಗಿಲು ತೆರೆದಿದೆಯೇ? ಈ ನಾಲ್ಕು ಸಂಗತಿಗಳು ವಿದ್ಯಾರ್ಥಿಯ ಕೈಯಲ್ಲಿಲ್ಲ. ಇವುಗಳಲ್ಲಿ ಒಂದು ಬದಲಾದರೂ ವಿದ್ಯಾರ್ಥಿಗಳ ಪ್ರವಾಹ ದಿಕ್ಕು ಬದಲಿಸಿದ ಉದಾಹರಣೆಗಳು ಹೇರಳವಾಗಿವೆ.

ಲಂಡನ್ನಿನ ಮುದ್ರೆ

1888ರಲ್ಲಿ ಭಾವನಗರದ ಕಾಲೇಜಿನಲ್ಲಿ ಪಾಠ ತಲೆಗೆ ಹತ್ತದೆ ಊರಿಗೆ ಮರಳಿದ್ದ 18 ವರ್ಷದ ತರುಣ ಮೋಹನದಾಸ ಗಾಂಧಿಯ ಮನೆಗೆ ಕುಟುಂಬದ ಹಿತೈಷಿ ಮಾವಜಿ ದವೆ ಬಂದರು. ಅವರ ಲೆಕ್ಕಾಚಾರ ಸ್ಪಷ್ಟವಾಗಿತ್ತು. ಇಲ್ಲಿ ಬಿ.ಎ. ಮುಗಿಸಲು ನಾಲ್ಕೈದು ವರ್ಷ ಬೇಕು, ಮುಗಿಸಿದರೆ ಸಿಗುವುದು 60 ರೂಪಾಯಿಯ ನೌಕರಿ. ಲಂಡನ್ನಿಗೆ ಹೋದರೆ ಮೂರು ವರ್ಷದಲ್ಲಿ ಬ್ಯಾರಿಸ್ಟರ್, ಖರ್ಚು ನಾಲ್ಕೈದು ಸಾವಿರ ರೂಪಾಯಿ. ತಂದೆಯಂತೆ ದಿವಾನಗಿರಿಗೇರಬೇಕಾದರೆ ಅದೇ ಸರಿಯಾದ ಮಾರ್ಗ. ವೈದ್ಯನಾಗಬಹುದೇ ಎಂದು ತರುಣ ಕೇಳಿದ. ವೈಷ್ಣವರು ಹೆಣ ಕೊಯ್ಯುವ ವಿದ್ಯೆ ಕಲಿಯುವುದು ತಂದೆಗೆ ಇಷ್ಟವಿರಲಿಲ್ಲ ಎಂದು ಅಣ್ಣ ಹೇಳಿದರು. ವೈದ್ಯ ಪದವಿಯಿಂದ ದಿವಾನಗಿರಿ ಸಿಗದೆಂದು ದವೆ ಹೇಳಿದರು. ಅಲ್ಲಿಗೆ ವಿಷಯವೂ ದೇಶವೂ ಇತ್ಯರ್ಥವಾದವು. ಕಡಲು ದಾಟಲು ಹೊರಟಿದ್ದಕ್ಕೆ ಜಾತಿಯವರು ಬಹಿಷ್ಕಾರ ಹಾಕಿದರೂ ಪ್ರಯಾಣ ನಿಲ್ಲಲಿಲ್ಲ.

ಈ ಪ್ರಸಂಗವನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಇಲ್ಲಿ ಗಮನಿಸಬೇಕಾದುದು ಒಂದೇ ಅಂಶ. ಲಂಡನ್ನಿನ ಪಾಠ ಇಲ್ಲಿಯದಕ್ಕಿಂತ ಮೇಲು ಎಂಬ ಮಾತು ಆ ಚರ್ಚೆಯಲ್ಲಿ ಮುಖ್ಯವಾಗಿರಲೇ ಇಲ್ಲ. ಅಲ್ಲಿಯ ಮುದ್ರೆಗೆ ಕಾಠಿಯಾವಾಡದ ಸಂಸ್ಥಾನಗಳಲ್ಲಿ ಇದ್ದ ಬೆಲೆಯೇ ಮುಖ್ಯವಾಗಿತ್ತು.

ಐ.ಸಿ.ಎಸ್. ಪರೀಕ್ಷೆಯ ವಿಚಾರದಲ್ಲಂತೂ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಭಾರತವನ್ನು ಆಳುವ ಅಧಿಕಾರಿಗಳನ್ನು ಆರಿಸುವ ಪರೀಕ್ಷೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ. 1863ರಲ್ಲಿ ಸತ್ಯೇಂದ್ರನಾಥ ಠಾಕೂರರು ಅದರಲ್ಲಿ ತೇರ್ಗಡೆಯಾದ ಮೊದಲ ಭಾರತೀಯರಾದರು. 1878ರಲ್ಲಿ ಪರೀಕ್ಷೆಗೆ ಕೂರುವ ಗರಿಷ್ಠ ವಯಸ್ಸನ್ನು 21ರಿಂದ 19ಕ್ಕೆ ಇಳಿಸಲಾಯಿತು. ಅಂದರೆ ಮೀಸೆ ಮೂಡುವ ಮುನ್ನವೇ ಹುಡುಗ ಹಡಗು ಹತ್ತಬೇಕು; ಸಾವಿರಾರು ರೂಪಾಯಿ ಸುರಿಯಬಲ್ಲ ಮನೆತನಗಳಿಗೆ ಮಾತ್ರ ಅದು ಸಾಧ್ಯ. ಸುರೇಂದ್ರನಾಥ ಬ್ಯಾನರ್ಜಿಯವರು ಇದರ ವಿರುದ್ಧ ದೇಶದ ಉದ್ದಗಲಕ್ಕೂ ಸಭೆ ನಡೆಸಿದರು. ಭಾರತದಲ್ಲೂ ಪರೀಕ್ಷೆ ನಡೆಯತೊಡಗಿದ್ದು 1922ರಲ್ಲಿ. ಅಲ್ಲಿಯವರೆಗೆ ಇಂಗ್ಲೆಂಡಿಗೆ ಹೋದ ಎಷ್ಟೋ ಬುದ್ಧಿವಂತ ಹುಡುಗರನ್ನು ಸೆಳೆದದ್ದು ಒಂದು ಪರೀಕ್ಷಾ ಕೊಠಡಿಯ ವಿಳಾಸವೇ ಹೊರತು ಆಕ್ಸ್‌ಫರ್ಡಿನ ಕೀರ್ತಿಯಲ್ಲ.

ಒಂದು ಪತ್ರ ತೆರೆದ ದಾರಿ

ಎಲ್ಲರೂ ಇಂಗ್ಲೆಂಡಿನತ್ತ ನೋಡುತ್ತಿದ್ದ ಕಾಲದಲ್ಲೇ ಆನಂದಿಬಾಯಿ ಜೋಶಿ ಅಮೆರಿಕದ ಹಡಗು ಹತ್ತಿದರು. ಹೆಂಡತಿಯನ್ನು ಓದಿಸಬೇಕೆಂಬ ಹಟದಿಂದ ಗೋಪಾಲರಾವ್ ಜೋಶಿ ಒಬ್ಬ ಪಾದ್ರಿಗೆ ಪತ್ರ ಬರೆದಿದ್ದರು. ಅದು ಅಮೆರಿಕದ ಮಿಷನರಿ ಪತ್ರಿಕೆಯಲ್ಲಿ ಅಚ್ಚಾಯಿತು. ನ್ಯೂಜೆರ್ಸಿಯ ರೋಸೆಲ್ ಎಂಬ ಊರಿನ ಕಾರ್ಪೆಂಟರ್ ಎಂಬ ಗೃಹಿಣಿ ಅದನ್ನು ಓದಿ ಆನಂದಿಬಾಯಿಗೆ ಪತ್ರ ಬರೆದರು. ಕಂಡಿರದ ಇಬ್ಬರ ನಡುವೆ ನಂಟು ಬೆಳೆಯಿತು. 1883ರಲ್ಲಿ ಹೊರಟ ಆನಂದಿಬಾಯಿ ಅಮೆರಿಕದಲ್ಲಿ ಮೊದಲು ತಂಗಿದ್ದು ಆ ಮನೆಯಲ್ಲೇ. ಫಿಲಡೆಲ್ಫಿಯದ ಮಹಿಳಾ ವೈದ್ಯಕೀಯ ಕಾಲೇಜಿನಿಂದ 1886ರಲ್ಲಿ ಪದವಿ ಪಡೆದರು. ಮರುವರ್ಷವೇ ಪುಣೆಯಲ್ಲಿ, 22 ತುಂಬುವ ಮೊದಲೇ, ತೀರಿಕೊಂಡರು.

ಹೆಂಗಸರಿಗೆ ವೈದ್ಯಶಿಕ್ಷಣ ಕೊಡುವ ಕಾಲೇಜುಗಳು ಜಗತ್ತಿನಲ್ಲೇ ವಿರಳವಾಗಿದ್ದ ಕಾಲವದು. ಅವುಗಳಲ್ಲಿ ಒಂದು ಫಿಲಡೆಲ್ಫಿಯದಲ್ಲಿತ್ತು, ಅಲ್ಲಿಗೆ ಕರೆದುಕೊಳ್ಳುವ ಒಂದು ಮನೆ ರೋಸೆಲ್‌ನಲ್ಲಿತ್ತು. ಇವೆರಡೂ ಕೂಡಿದಾಗ ದಾರಿ ತೆರೆಯಿತು. ಮೊದಲು ಹೋದವರ ಪತ್ರ, ಪರಿಚಿತರ ವಿಳಾಸ, ಸೀನಿಯರ್‌ಗಳ ಸಲಹೆ ಇಂದಿಗೂ ವಿದ್ಯಾರ್ಥಿಗಳನ್ನು ಒಂದೇ ಊರಿಗೆ, ಒಂದೇ ವಿಶ್ವವಿದ್ಯಾಲಯಕ್ಕೆ ಸೆಳೆಯುತ್ತಿರುವುದನ್ನು ಕಾಣಬಹುದು.

ಆಳುವವನ ನಾಡು ಬೇಡ

ಆಯ್ಕೆಯ ಹಿಂದೆ ರಾಜಕೀಯವೂ ಇತ್ತು. 1905ರಲ್ಲಿ ಪುಟ್ಟ ಜಪಾನ್ ರಷ್ಯಾವನ್ನು ಸೋಲಿಸಿದಾಗ ಏಷ್ಯಾದ ಕಣ್ಣು ಟೋಕಿಯೋ ಕಡೆ ಹೊರಳಿತು. ಚೀನಾದಲ್ಲಿ ಝಾಂಗ್ ಝಿಡಾಂಗ್ ಎಂಬ ಹಿರಿಯ ಅಧಿಕಾರಿ 1898ರಲ್ಲೇ ತರುಣರನ್ನು ಜಪಾನಿಗೆ ಕಳಿಸಬೇಕೆಂದು ವಾದಿಸಿದ್ದ. ಅವನ ಕಾರಣಗಳು ಇಂದಿನ ಯಾವ ತಂದೆಗೂ ಅರ್ಥವಾಗುವಂಥವು: ಹತ್ತಿರ, ಖರ್ಚು ಕಡಿಮೆ, ಲಿಪಿಯಲ್ಲಿ ಹೋಲಿಕೆ ಇರುವುದರಿಂದ ಕಲಿಯುವುದು ಸುಲಭ. 1905ರಲ್ಲಿ ಚೀನಾ ತನ್ನ ಪುರಾತನ ರಾಜಸೇವಾ ಪರೀಕ್ಷೆಯನ್ನು ರದ್ದು ಮಾಡಿತು. ಹಳೆಯ ವಿದ್ಯೆಗೆ ಊರಿನಲ್ಲಿ ಬೆಲೆ ಹೋದ ಕೂಡಲೇ ಸಾವಿರಾರು ಚೀನೀ ವಿದ್ಯಾರ್ಥಿಗಳು ಜಪಾನಿನಲ್ಲಿ ತುಂಬಿಕೊಂಡರು. ಮುಂದೆ ಚೀನಾದ ಮಹಾನ್ ಲೇಖಕರಾದ ಲು ಷುನ್ ಸೆಂದಾಯಿಯಲ್ಲಿ ವೈದ್ಯಕೀಯ ಓದಲು ಸೇರಿದ್ದು ಇದೇ ಅವಧಿಯಲ್ಲಿ, 1904ರಲ್ಲಿ.

ಭಾರತದಲ್ಲೂ ಸ್ವದೇಶಿ ಚಳವಳಿಯ ಕಾಲದಲ್ಲಿ ಇಂಥದೇ ಗಾಳಿ ಬೀಸಿತು. 1904ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾದ ಒಂದು ಸಂಘ ಹಣ ಕೂಡಿಸಿ, ಕೈಗಾರಿಕೆ ಕಲಿಯಲು ತರುಣರನ್ನು ಜಪಾನ್, ಅಮೆರಿಕ, ಯೂರೋಪುಗಳಿಗೆ ಕಳಿಸಿತು. ಐ.ಸಿ.ಎಸ್. ಮಾಡಿದ ಮನೆತನದವರೇ ಆದ ರವೀಂದ್ರನಾಥ ಠಾಕೂರರು 1906ರಲ್ಲಿ ಮಗ ರಥೀಂದ್ರನಾಥರನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಓದಬೇಕಾದ ವಿಷಯ ಕೃಷಿ.

1909ರಲ್ಲಿ ಲಂಡನ್ನಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಮದನಲಾಲ ಧಿಂಗ್ರಾ ಬ್ರಿಟಿಷ್ ಅಧಿಕಾರಿ ಕರ್ಜನ್ ವೈಲಿಯನ್ನು ಗುಂಡಿಕ್ಕಿ ಕೊಂದ ಮೇಲೆ ಅಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲಿನ ಕಣ್ಗಾವಲು ಬಿಗಿಯಾಯಿತು. ಮೊದಲ ಮಹಾಯುದ್ಧದ ನಂತರ ಕೆಲವರು ಜರ್ಮನಿಯತ್ತ ತಿರುಗಿದರು. ಮುಂದೆ ರಾಷ್ಟ್ರಪತಿಯಾದ ಝಾಕಿರ್ ಹುಸೇನ್ ಬರ್ಲಿನ್‌ನಲ್ಲಿ ಡಾಕ್ಟರೇಟ್ ಪಡೆದರು. ರಾಮಮನೋಹರ ಲೋಹಿಯಾ ಅದೇ ನಗರದಲ್ಲಿ ಭಾರತದ ಉಪ್ಪಿನ ತೆರಿಗೆಯ ಮೇಲೆ ಪ್ರಬಂಧ ಬರೆದು 1933ರಲ್ಲಿ ಮರಳಿದರು. ಅದೇ ಲೋಹಿಯಾ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡು ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದುದು ಕನ್ನಡಿಗರಿಗೆ ನೆನಪಿರುವ ಸಂಗತಿ.

ಹಣ ಕೊಟ್ಟವರ ದಾರಿ

ಶ್ರೀಮಂತರಲ್ಲದವರ ಪಾಲಿಗೆ ದೇಶವನ್ನು ಆರಿಸುತ್ತಿದ್ದುದು ವಿದ್ಯಾರ್ಥಿವೇತನ. ಇದಕ್ಕೆ ಡಾ. ಬಿ.ಆರ್. ಅಂಬೇಡ್ಕರ್ ಅವರ ಬದುಕಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ಕೊಟ್ಟ ತಿಂಗಳಿಗೆ ಹನ್ನೊಂದೂವರೆ ಪೌಂಡ್ ವೇತನದ ಮೇಲೆ ಅವರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರು ಅದಕ್ಕಿತ್ತು. 1916ರಲ್ಲಿ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರ ಮತ್ತು ಕಾನೂನು ಎರಡನ್ನೂ ಹಿಡಿದರು. ವೇತನದ ಅವಧಿ ಮುಗಿಯಿತು. 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಕೊಲಂಬಿಯಾದಲ್ಲಿ ಓದಿ ಬಂದ ಆ ಅಧಿಕಾರಿಗೆ ಬರೋಡಾ ನಗರದಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಪರದೇಶದ ಪದವಿ ಎಲ್ಲರಿಗೂ ಒಂದೇ ಬೆಲೆ ತರುವುದಿಲ್ಲವೆಂಬ ಕಹಿ ಸತ್ಯ ಅಲ್ಲಿ ಬಯಲಾಯಿತು. ಉಳಿತಾಯ, ಸಾಲ, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು ಕೂಡಿಸಿಕೊಂಡು ಅವರು 1920ರಲ್ಲಿ ಲಂಡನ್ನಿಗೆ ಹಿಂದಿರುಗಿ ಓದು ಪೂರೈಸಿದರು.

ವಿದ್ಯಾರ್ಥಿವೇತನ ಕೊಡುವವರಿಗೂ ಒಂದು ಲೆಕ್ಕವಿರುತ್ತದೆ. 1906ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಅಧ್ಯಕ್ಷ ಎಡ್ಮಂಡ್ ಜೇಮ್ಸ್ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರಿಗೆ ಒಂದು ಟಿಪ್ಪಣಿ ಕಳಿಸಿದರು. ಚೀನಾದ ಈಗಿನ ಪೀಳಿಗೆಗೆ ಶಿಕ್ಷಣ ಕೊಡುವ ದೇಶವೇ ಮುಂದೆ ಅಲ್ಲಿ ಪ್ರಭಾವವನ್ನೂ ವ್ಯಾಪಾರವನ್ನೂ ಗಳಿಸುತ್ತದೆ ಎಂಬುದು ಅದರ ಸಾರಾಂಶ. ಬಾಕ್ಸರ್ ದಂಗೆಗಾಗಿ ಚೀನಾದಿಂದ ವಸೂಲಿ ಮಾಡುತ್ತಿದ್ದ ದಂಡದ ಒಂದು ಭಾಗವನ್ನು ಅಮೆರಿಕ ಹಿಂದಕ್ಕೆ ಬಿಟ್ಟುಕೊಟ್ಟಿತು. ಆ ಹಣದಲ್ಲಿ ಚೀನೀ ವಿದ್ಯಾರ್ಥಿಗಳು ಅಮೆರಿಕಕ್ಕೇ ಬಂದು ಓದುವ ಏರ್ಪಾಡಾಯಿತು. ಮೊದಲ ತಂಡ ಹೊರಟಿದ್ದು 1909ರಲ್ಲಿ. ಅವರನ್ನು ಸಿದ್ಧಪಡಿಸಲು 1911ರಲ್ಲಿ ಬೀಜಿಂಗ್‌ನಲ್ಲಿ ತೆರೆದ ಶಾಲೆಯೇ ಇಂದಿನ ಸಿಂಗ್‌ಹ್ವಾ ವಿಶ್ವವಿದ್ಯಾಲಯ.

ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರದೂ ವೇತನ ತೆರೆದ ದಾರಿಯೇ. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಪ್ರತಿಭಾವಂತರನ್ನು ಹೊರದೇಶಕ್ಕೆ ಕಳಿಸಲು ದೆಹಲಿ ಸರ್ಕಾರ ಕೊಟ್ಟ ವೇತನ ಪಡೆದು ಅವರು 1947ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಪೂರ್ವ ದೇಶಗಳ ಮಹಿಳೆಯರಿಗಾಗಿಯೇ ಆ ವಿಶ್ವವಿದ್ಯಾಲಯದಲ್ಲಿ 1917ರಿಂದ ಬಾರ್ಬರ್ ವಿದ್ಯಾರ್ಥಿವೇತನವಿತ್ತು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅದರಿಂದಲೇ ಅಲ್ಲಿ ಓದಿದ್ದರು, ರಾಜೇಶ್ವರಿಯವರ ಸಂಶೋಧನೆಗೂ ಅದು ಒದಗಿತು. ಡಾಕ್ಟರೇಟ್ ಪಡೆದು ಬೆಂಗಳೂರಿಗೆ ಮರಳಿದ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು.

ಕನ್ನಡ ಸಾಹಿತ್ಯದ ಮೂವರು ಹಿರಿಯರ ಉದಾಹರಣೆಯೂ ಕುತೂಹಲಕರ. ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯಕ್ಕೆ ಹೋದರು. ಧಾರವಾಡದಲ್ಲಿ ಪದವಿ ಮುಗಿಸಿದ್ದ ಗಿರೀಶ ಕಾರ್ನಾಡರು 1960ರಲ್ಲಿ ರೋಡ್ಸ್ ವೇತನ ಪಡೆದು ಆಕ್ಸ್‌ಫರ್ಡ್ ಸೇರಿದರು. ಹೊರಡುವ ತಯಾರಿಯ ದಿನಗಳಲ್ಲೇ ‘ಯಯಾತಿ’ ಬರೆದರು. ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವೇತನದ ಮೇಲೆ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ‘ಸಂಸ್ಕಾರ’ವನ್ನು ಅಲ್ಲಿಯೇ ಬರೆದರು. ರೋಡ್ಸ್ ವೇತನ ಆಕ್ಸ್‌ಫರ್ಡಿಗೆ ಮಾತ್ರ, ಫುಲ್‌ಬ್ರೈಟ್ ಅಮೆರಿಕಕ್ಕೆ ಮಾತ್ರ. ದೇಶದ ಹೆಸರು ಅರ್ಜಿಯಲ್ಲೇ ಅಚ್ಚಾಗಿತ್ತು.

ಶೀತಲ ಸಮರದ ಆ ವರ್ಷಗಳಲ್ಲಿ ಮಾಸ್ಕೋ ಕೂಡ ಹಿಂದೆ ಬೀಳಲಿಲ್ಲ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ವಿದ್ಯಾರ್ಥಿಗಳಿಗೆಂದೇ 1960ರಲ್ಲಿ ಅಲ್ಲಿ ಮೈತ್ರಿ ವಿಶ್ವವಿದ್ಯಾಲಯ ಆರಂಭವಾಯಿತು. ಮರುವರ್ಷ ಅದಕ್ಕೆ ಕಾಂಗೋದ ಹುತಾತ್ಮ ನಾಯಕ ಪ್ಯಾಟ್ರಿಸ್ ಲುಮುಂಬಾ ಹೆಸರಿಟ್ಟರು. ಬಡವರ ಮನೆಯ ಹುಡುಗನೂ ಶುಲ್ಕವಿಲ್ಲದೆ ಎಂಜಿನಿಯರ್, ವೈದ್ಯ ಆಗಬಹುದಾದ ದಾರಿ ಅದು.

ಬಾಗಿಲು ತೆರೆದಾಗ

ಅಮೆರಿಕದ ಕಥೆಯಲ್ಲಿ ನಿರ್ಣಾಯಕವಾದುದು ಕಾನೂನು. 1917ರ ವಲಸೆ ಕಾಯ್ದೆ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದ ಜನರನ್ನು ಹೊರಗಿಟ್ಟಿತ್ತು. ವಿದ್ಯಾರ್ಥಿಗಳಿಗೆ ವಿನಾಯಿತಿ ಇದ್ದರೂ ಓದಿ ಮರಳಬೇಕಿತ್ತು. 1946ರಲ್ಲಿ ವರ್ಷಕ್ಕೆ ಕೇವಲ 100 ಭಾರತೀಯರಿಗೆ ನೆಲೆಸುವ ಅವಕಾಶ ಸಿಕ್ಕಿತು. 1965ರ ಹೊಸ ಕಾಯ್ದೆ ಆ ಮಿತಿಯನ್ನು ತೆಗೆದು ನುರಿತ ಕೆಲಸಗಾರರಿಗೆ ಬಾಗಿಲು ತೆರೆಯಿತು. ಅದೇ ಹೊತ್ತಿಗೆ ಭಾರತದ ಎಂಜಿನಿಯರಿಂಗ್ ಕಾಲೇಜುಗಳಿಂದ ಇಂಗ್ಲಿಷ್ ಬಲ್ಲ ಪದವೀಧರರು ಹೊರಬರುತ್ತಿದ್ದರು. ಪ್ರಯೋಗಾಲಯದಲ್ಲಿ ದುಡಿದರೆ, ಕಿರಿಯರಿಗೆ ಪಾಠ ಹೇಳಿದರೆ ಶುಲ್ಕ ಮಾಫಿ ಮಾಡಿ ಕೈಖರ್ಚಿಗೂ ಕೊಡುವ ಪದ್ಧತಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿತ್ತು. ವಿಮಾನದ ಟಿಕೆಟಿಗೆ ಸಾಲ ಮಾಡಿದ ಗುಮಾಸ್ತನ ಮಗನೂ ಹೋಗಬಹುದಾಯಿತು. ಲಂಡನ್ನಿನ ಜಾಗವನ್ನು ಅಮೆರಿಕ ಆಕ್ರಮಿಸಿದ್ದು ಹೀಗೆ.

ದಾನ ಹೋಗಿ ವ್ಯಾಪಾರ ಬಂತು

ವಿದೇಶಿ ವಿದ್ಯಾರ್ಥಿಯನ್ನು ಅತಿಥಿಯೆಂದು ಕಾಣುತ್ತಿದ್ದ ಕಾಲ ಬ್ರಿಟನ್ನಿನಲ್ಲಿ 1979ಕ್ಕೆ ಮುಗಿಯಿತೆನ್ನಬಹುದು. ಹೊರದೇಶದವರು ಶಿಕ್ಷಣದ ಪೂರ್ಣ ವೆಚ್ಚವನ್ನು ತಾವೇ ಭರಿಸಬೇಕೆಂದು ಮಾರ್ಗರೆಟ್ ಥ್ಯಾಚರ್ ಸರ್ಕಾರ ಆ ವರ್ಷ ಪ್ರಕಟಿಸಿತು. ಸಾವಿರಾರು ಮಕ್ಕಳನ್ನು ಅಲ್ಲಿಗೆ ಕಳಿಸುತ್ತಿದ್ದ ಮಲೇಷ್ಯಾ ಸಿಟ್ಟಿಗೆದ್ದಿತು. 1981ರಲ್ಲಿ ಪ್ರಧಾನಿ ಮಹಾತಿರ್ ಮೊಹಮ್ಮದ್ ‘ಬ್ರಿಟಿಷ್ ಸರಕನ್ನು ಕೊನೆಯಲ್ಲಿ ಕೊಳ್ಳಿ’ ಎಂಬ ನೀತಿ ಸಾರಿದ್ದಕ್ಕೆ ಈ ಶುಲ್ಕದ ಏರಿಕೆಯೂ ಒಂದು ಕಾರಣ. ಆಸ್ಟ್ರೇಲಿಯಾ 1985ರಲ್ಲಿ ಪೂರ್ಣ ಶುಲ್ಕ ತೆರುವ ವಿದೇಶಿ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದು ಶಿಕ್ಷಣವನ್ನು ರಫ್ತಿನ ಸರಕಾಗಿಸಿತು.

ಶುಲ್ಕ ಕೊಟ್ಟು ಕೊಳ್ಳುವವನು ಲಾಭನಷ್ಟ ನೋಡುವುದು ಸಹಜ. ಓದಿನ ಬಳಿಕ ಅಲ್ಲಿ ಕೆಲಸ ಮಾಡಲು ಬಿಡುತ್ತಾರೆಯೇ ಎಂಬುದೇ ಮುಖ್ಯ ಪ್ರಶ್ನೆಯಾಯಿತು. ಬ್ರಿಟನ್ 2012ರಲ್ಲಿ ಆ ಸೌಲಭ್ಯ ತೆಗೆದಾಗ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. 2021ರಲ್ಲಿ ಮತ್ತೆ ಕೊಟ್ಟಾಗ ಪುನಃ ಏರಿತು. ಈ ಮಧ್ಯೆ ಆ ವಿಶ್ವವಿದ್ಯಾಲಯಗಳ ಪಾಠವೇನೂ ಕೆಟ್ಟು ಮತ್ತೆ ಸುಧಾರಿಸಿರಲಿಲ್ಲ. 2009ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ನಡೆದ ಹಲ್ಲೆಗಳ ಸುದ್ದಿಯ ಬೆನ್ನಿಗೆ ಆಸ್ಟ್ರೇಲಿಯಾಕ್ಕೆ ಹೋಗುವವರು ಕಡಿಮೆಯಾದರು. ಕೆನಡಾ 2024ರಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿತು. 2023–24ರಲ್ಲಿ 3.31 ಲಕ್ಷ ಭಾರತೀಯರು ಅಮೆರಿಕದಲ್ಲಿ ಓದುತ್ತಿದ್ದು, ಚೀನೀಯರನ್ನು ಹಿಂದೆ ಹಾಕಿದ್ದರು. ಅದೇ ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್‌-1ಬಿ ಉದ್ಯೋಗ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲದ ಜರ್ಮನಿಯಲ್ಲಿ ಭಾರತೀಯರು ಈಗ ವಿದೇಶಿ ವಿದ್ಯಾರ್ಥಿಗಳ ಅತಿ ದೊಡ್ಡ ಗುಂಪಾಗಿದ್ದಾರೆ.

ವೈದ್ಯ ಸೀಟಿನ ಬವಣೆ

ಈ ಲೆಕ್ಕಾಚಾರ ಅತ್ಯಂತ ದುಬಾರಿಯಾಗಿ ಪರಿಣಮಿಸಿರುವುದು ವೈದ್ಯಶಿಕ್ಷಣದಲ್ಲಿ. ಖಾಸಗಿ ವೈದ್ಯಕೀಯ ಕಾಲೇಜುಗಳ ವಿಚಾರದಲ್ಲಿ ಕರ್ನಾಟಕ ದೇಶದ ಮುಂಚೂಣಿಯ ರಾಜ್ಯಗಳಲ್ಲೊಂದು. ಮಣಿಪಾಲದ ಕಾಲೇಜು ಆರಂಭವಾದದ್ದು 1953ರಲ್ಲಿ. ಕ್ಯಾಪಿಟೇಶನ್ ಹಾವಳಿ ತಡೆಯಲು 1984ರಲ್ಲಿ ರಾಜ್ಯ ಕಾಯ್ದೆ ತಂದಿತು. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕ್ಯಾಪಿಟೇಶನ್ ಶುಲ್ಕವನ್ನು ಖಂಡಿಸಿತು. ಆದರೂ ಸೀಟಿನ ಅಭಾವ ನೀಗಲಿಲ್ಲ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು, ಎಂ.ಬಿ.ಬಿ.ಎಸ್. ಸೀಟುಗಳು ಸುಮಾರು 1.1 ಲಕ್ಷ.

ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದ ಮೇಲೆ ಅಲ್ಲಿಯ ಹಳೆಯ ವೈದ್ಯಕೀಯ ಸಂಸ್ಥೆಗಳಿಗೆ ಹಣ ಬೇಕಿತ್ತು, ಇಲ್ಲಿಯ ಮಧ್ಯಮ ವರ್ಗಕ್ಕೆ ಕೈಗೆಟುಕುವ ಸೀಟು ಬೇಕಿತ್ತು. ನಡುವೆ ಏಜೆಂಟರು ಹುಟ್ಟಿಕೊಂಡರು. ರಷ್ಯಾ, ಉಕ್ರೇನ್, ಕಿರ್ಗಿಸ್ತಾನಗಳಿಗೆ ಹುಡುಗರು ಹೊರಟರು. ಆದರೆ ಊರಿನಲ್ಲಿ ಆ ಪದವಿಯ ಬೆಲೆ? 2002ರಿಂದ ವಿದೇಶಿ ವೈದ್ಯ ಪದವೀಧರರಿಗೆ ಇಲ್ಲಿ ಪ್ರತ್ಯೇಕ ಪರೀಕ್ಷೆ ಕಡ್ಡಾಯವಾಯಿತು. ಅನೇಕ ವರ್ಷ ಅದರಲ್ಲಿ ತೇರ್ಗಡೆಯಾದವರು ನಾಲ್ವರಲ್ಲಿ ಒಬ್ಬರಿಗಿಂತಲೂ ಕಡಿಮೆ. ಜಮೀನು ಅಡವಿಟ್ಟು ಓದಿಸಿದ ಮನೆಗಳಲ್ಲಿ ಆರು ವರ್ಷದ ಪದವಿ ಗೋಡೆಯ ಮೇಲೆ ಉಳಿಯಿತು.

2022ರ ಫೆಬ್ರುವರಿ 24ರಂದು ಯುದ್ಧ ಆರಂಭವಾದಾಗ ಉಕ್ರೇನಿನಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ ಕೇಳಿ ದೇಶವೇ ಬೆಚ್ಚಿತು. ಖಾರ್ಕಿವ್ ನಗರದ ಶೆಲ್ ದಾಳಿಯಲ್ಲಿ ಕರ್ನಾಟಕದ ವೈದ್ಯ ವಿದ್ಯಾರ್ಥಿಯೊಬ್ಬ ಪ್ರಾಣ ಕಳೆದುಕೊಂಡ. ‘ಆಪರೇಷನ್ ಗಂಗಾ’ದ 90 ವಿಮಾನಗಳು 18 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕರೆತಂದವು. ಅಷ್ಟೊಂದು ಮಕ್ಕಳು ಅಲ್ಲಿಗೆ ಯಾಕೆ ಹೋಗಿದ್ದರು ಎಂದು ಆಗ ಅನೇಕರು ಕೇಳಿದರು. ಉತ್ತರ ಖಾರ್ಕಿವ್‌ನಲ್ಲಿ ಇರಲಿಲ್ಲ, ಇಲ್ಲಿಯ ಸೀಟುಗಳ ಲೆಕ್ಕದಲ್ಲಿತ್ತು.

ಹಾಗೆಂದು ಇದು ಒಮ್ಮುಖದ ದಾರಿಯಲ್ಲ. ಇದೇ ಕರ್ನಾಟಕಕ್ಕೆ ಮಲೇಷ್ಯಾ, ಇರಾನ್, ಆಫ್ರಿಕಾದ ದೇಶಗಳಿಂದ ವಿದ್ಯಾರ್ಥಿಗಳು ಬಂದಿದ್ದಾರೆ. ಮಲೇಷ್ಯಾದ ಮಲಾಕ್ಕಾದಲ್ಲಿ 1997ರಲ್ಲಿ ತೆರೆದ ಕಾಲೇಜಿನ ಮೂಲಕ ಅಲ್ಲಿಯ ಮಕ್ಕಳು ಮೊದಲ ಹಂತವನ್ನು ಮಣಿಪಾಲದಲ್ಲಿ, ಉಳಿದದ್ದನ್ನು ತಮ್ಮ ದೇಶದಲ್ಲಿ ಓದುವ ವ್ಯವಸ್ಥೆಯಾಯಿತು. ಕೈಗೆಟುಕುವ ಶುಲ್ಕ, ಇಂಗ್ಲಿಷ್ ಪಾಠ, ತಮ್ಮ ಸರ್ಕಾರದ ಮನ್ನಣೆ ಇವೇ ಅವರನ್ನು ಇಲ್ಲಿಗೆ ಕರೆತಂದವು. ಮಾವಜಿ ದವೆ ಹಾಕಿದ ಲೆಕ್ಕಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಒಂದೇ ವ್ಯತ್ಯಾಸವೆಂದರೆ ನಷ್ಟ ಹೊರುವವರು ಬದಲಾಗಿದ್ದಾರೆ. ಬರೋಡಾದ ಮಹಾರಾಜ, ಮಾಸ್ಕೋ ಸರ್ಕಾರ, ಮಿಷಿಗನ್ನಿನ ದಾನಿ ಹಣ ಹೂಡಿದ್ದಾಗ ಬಾಗಿಲು ಮುಚ್ಚಿದರೆ ನಷ್ಟದಲ್ಲಿ ಅವರಿಗೂ ಪಾಲಿತ್ತು. ಇಂದು ಹೂಡುತ್ತಿರುವುದು ಹೆಚ್ಚಾಗಿ ಮನೆಯವರು, ಅದೂ ಬ್ಯಾಂಕಿನ ಸಾಲದಿಂದ. ಕಾನೂನು ಬದಲಾಗುವುದು ಒಂದು ರಾತ್ರಿಯಲ್ಲಿ; ಸಾಲ ತೀರುವುದಕ್ಕೆ ಹತ್ತು ವರ್ಷ ಬೇಕು. ಆದ್ದರಿಂದ ಯಾವ ದೇಶ ಒಳ್ಳೆಯದು ಎಂದು ಕೇಳುವ ಮುನ್ನ ಮನೆಯವರು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಅಲ್ಲಿ ಕೆಲಸ ಸಿಗದೆ ಮಗ ಅಥವಾ ಮಗಳು ಊರಿಗೆ ಮರಳಿದರೆ ಆ ಪದವಿ ಇಲ್ಲಿ ನಡೆಯುತ್ತದೆಯೇ, ಆ ಸಾಲ ಇಲ್ಲಿಯ ಸಂಬಳದಲ್ಲಿ ತೀರುತ್ತದೆಯೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ವಿಶ್ವವಿದ್ಯಾಲಯಗಳ ಪಟ್ಟಿ ತೆರೆಯುವುದು ಕ್ಷೇಮ.